ಅಣ್ಣನ ಗಡ್ಡ ನಿಂತ ವರ್ಷ

ಶಹಾಪುರದ ಬಸ್ ನಿಲ್ದಾಣದ ಎದುರಿನ ಚಹಾ ಹೋಟೆಲಿನಲ್ಲಿ ನಾನು ನನ್ನ ಅಣ್ಣನನ್ನು ಆಡಿ ತೋರಿಸಿದ್ದು ನಾನು ಮಾಡಿದ ಕೆಲಸಗಳಲ್ಲೇ ಕೆಟ್ಟದ್ದು. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ಜಾಣನಂತೆ ತಪ್ಪಿಸಿಕೊಂಡೇನು.

ಬೆಂಚಿನ ಮೇಲೆ ಅಂಗಾತ ಮಲಗಿ, ಹೆಗಲ ಮೇಲಿನ ಟವೆಲ್ಲನ್ನು ಕುತ್ತಿಗೆವರೆಗೆ ಹೊದ್ದುಕೊಂಡೆ. ಊರ ಪಕ್ಕದ ಗುಡ್ಡ ಬುದ್ಧ ಮಲಗಿದಂತೆ ಕಾಣುತ್ತದೆಂದು ದೂರದೂರದಿಂದ ಜನ ಬರುತ್ತಾರಲ್ಲ, “ಅಷ್ಟು ದೂರ ನಿಂತು ಯಾಕ ನೋಡ್ತೀರಿ? ನಮ್ಮ ಮನಿ ಪಡಸಾಲ್ಯಾಗ ಇನ್ನೊಂದು ಗುಡ್ಡ ಮಲಗ್ಯಾದ, ಹತ್ರ ಹೋಗಿ ಮುಟ್ಟಿ ನೋಡ್ರಿ,” ಎಂದೆ. ಆಮೇಲೆ ದನಿ ತೆಳ್ಳಗೆ ಮಾಡಿ, ಅಣ್ಣನ ಹೆಂಡತಿ ವೈನಿ ಕರೆದಂತೆ ಕರೆದೆ: “ರೀ, ಏಳ್ರಿ, ಊಟಕ್ಕ ಬರ್ರಿ.” ಆಮೇಲೆ ಅಣ್ಣನ ಹೊಸ ದನಿ, ಬಾವಿಯ ತಳದಿಂದ ಬಂದಂತೆ: “ಹ್ಞೂಂ... ನಾಳಿ.” ಎಂಟು ಹತ್ತು ಜನ ಚಹಾ ಚೆಲ್ಲಿಕೊಂಡು ನಕ್ಕರು. ಅವರಲ್ಲೊಬ್ಬ ಸುರಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಸುರಪುರ ವೈನಿಯ ತವರು. ನನ್ನ ನಕಲು ಟಿಕೆಟ್ ಇಲ್ಲದೆ ಅದೇ ಬಸ್ಸು ಹತ್ತಿ, ಅವರ ಮನೆ ಬಾಗಿಲಲ್ಲೇ ಇಳಿಯಿತು.

ಆಗ ನನಗೆ ಇಪ್ಪತ್ತೆರಡು. ಆಟೋದ ಹಿಂದಿನ ಸೀಟಿನಲ್ಲಿ ಕೂತು ಮೈಕ್ ಹಿಡಿದು ಸೀರೆ ಅಂಗಡಿ, ಬೀಜದ ಅಂಗಡಿಗಳ ಜಾಹೀರಾತು ಕೂಗುವುದು ನನ್ನ ಉದ್ಯೋಗ. ಊರವರನ್ನು ಆಡಿ ತೋರಿಸುವುದು ಚಟ. ಕಾಲುವೆ ಸಾಹೇಬರು ಜೀಪಿನಿಂದ ಇಳಿಯುವ ಮೊದಲು ಪ್ಯಾಂಟು ಮೇಲೆಳೆದುಕೊಳ್ಳುವ ರೀತಿ, ನಮ್ಮಜ್ಜ ಮುತ್ಯಾ ಎಲೆಯಡಿಕೆ ಉಗುಳಿ ತೀರ್ಪು ಕೊಡುವ ರೀತಿ, ಅವ್ವ ಬೈಯುತ್ತ ಬೈಯುತ್ತ ನಗು ತಡೆದುಕೊಳ್ಳುವ ರೀತಿ, ಎಲ್ಲವೂ ನನ್ನ ಬಳಿ ಇದ್ದವು. ನನ್ನನ್ನೂ ಬಿಟ್ಟಿರಲಿಲ್ಲ. ಕೊಕ್ಕರೆ ಕತ್ತು ಮುಂದೆ ಚಾಚಿ, ಎರಡು ಕಾಲು ಎರಡು ಊರಿಗೆ ಹೊರಟಂತೆ ನಡೆದು ತೋರಿಸಿದರೆ ಜನ “ಇದು ನೀನ!” ಎನ್ನುತ್ತಿದ್ದರು. ಸುಮ್ಮನೆ ಕೂರುವುದು ಮಾತ್ರ ನನಗೆ ಬರುತ್ತಿರಲಿಲ್ಲ. ಕಾಲು ಹಿಡಿದರೆ ಬಾಯಿ, ಬಾಯಿ ಮುಚ್ಚಿದರೆ ಕೈ, ಏನೋ ಒಂದು ಅಲ್ಲಾಡುತ್ತಲೇ ಇತ್ತು.

ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ನಮ್ಮ ಹೊಲಕ್ಕೆ ಕಾಲುವೆ ನೀರು ಹರಿದಾಗ ನಾನಿನ್ನೂ ಸಾಲಿ ಹುಡುಗ, ಅವನು ಸಾಲಿ ಬಿಟ್ಟವನು. ಜೋಳ, ತೊಗರಿ ಇದ್ದಲ್ಲಿ ಭತ್ತ ಬಂತು. ಭತ್ತದ ಜೊತೆ ಅಣ್ಣನ ಕಾಲವೂ ಬಂತು. ತುಂಬಿದ ಚೀಲವನ್ನು ಒಬ್ಬನೇ ಬೆನ್ನಿಗೇರಿಸಿ ಹಲಗೆ ಹತ್ತಿ ಲಾರಿಗೆ ಹಾಕುವವನು ಅವನು. ಮನೆಗೆ ಬರುವಾಗ ಬಾಗಿಲಿನ ಆಚೆಯಿಂದಲೇ “ಏ, ಯಾರದೀರಿ ಒಳಗ?” ಎಂದು ಕೂಗುತ್ತಿದ್ದ, ಒಳಗೆ ಬೇರೆ ಯಾರೋ ಇರುವಂತೆ. ವಾರಕ್ಕೆರಡು ಸಲ ಗಡ್ಡ ತೆಗೆಸಿಕೊಳ್ಳುತ್ತಿದ್ದ.

ಅವನು ಬಿದ್ದದ್ದು ಸುಗ್ಗಿಯಲ್ಲಿ. ದೋರನಹಳ್ಳಿ ಕಡೆಯಿಂದ ಭತ್ತದ ಚೀಲ ಹೇರಿಕೊಂಡು ಬರುತ್ತಿದ್ದ ಟ್ರೇಲರಿನ ಮೇಲೆ ಕೂತಿದ್ದ. ಕಾಲುವೆ ಏರಿಯ ತಿರುವಿನಲ್ಲಿ ಚಕ್ರ ಗುಂಡಿಗಿಳಿದು, ಮೇಲಿನ ಸಾಲಿನ ಚೀಲಗಳ ಜೊತೆ ಅವನೂ ಕಲ್ಲು ಹಾಸಿನ ಮೇಲೆ ಬಿದ್ದ. ಒಂದು ತಾಸು ಎಚ್ಚರವಿರಲಿಲ್ಲ. ದವಾಖಾನೆಯಲ್ಲಿ ಎರಡು ಸಲ ವಾಂತಿ ಮಾಡಿ, ಕಣ್ಣು ಬಿಟ್ಟು, ಚಹಾ ಕೇಳಿದ. ಅಲ್ಲಿಯ ಡಾಕ್ಟರು ಕಲಬುರಗಿಗೆ ಒಯ್ದು ತಲೆಯ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಮುತ್ಯಾ ಚೀಟಿಯನ್ನು ಟೋಪಿಯೊಳಗೆ ಇಟ್ಟುಕೊಂಡು, “ಚಾ ಕೇಳ್ಯಾನಂದ್ರ ತಲಿ ನೆಟ್ಟಗ ಅದ. ಹೆಗಲು ನೋಡ್ರಿ, ಹೆಗಲು,” ಎಂದ.

ಹೆಗಲಿನ ಎಲುಬು ಮುರಿದದ್ದು ಕಣ್ಣಿಗೆ ಕಾಣುತ್ತಿತ್ತು. ಎಲುಬು ಕಟ್ಟುವವನ ಬಳಿ ಒಯ್ದೆವು. ಅವನು ತತ್ತಿ ಒಡೆದು, ಅರಿವೆ ಸುತ್ತಿ, ಬಿದಿರಿನ ಚಕ್ಕೆ ಇಟ್ಟು ಬಿಗಿದ. ನಲವತ್ತು ದಿನ ನೆಂಟರಿಷ್ಟರು ಬಾಳೆಹಣ್ಣು ಹಿಡಿದು ಹೆಗಲು ನೋಡಲು ಬಂದರು. ಹೆಗಲು ಕೂಡಿತು. ಎಲ್ಲರಿಗೂ ಸಮಾಧಾನವಾಯಿತು. ನಾನಂತೂ ಎಲುಬು ಕಟ್ಟುವವನನ್ನು ಆಡಿ ತೋರಿಸಿ ಅವ್ವನನ್ನು ನಗಿಸಿದೆ.

ಅಣ್ಣ ಮಾತ್ರ ಹೆಗಲಿನ ಜೊತೆ ಕೂಡಿಕೊಳ್ಳಲಿಲ್ಲ. ಚೀಲ ಎತ್ತುವುದಿರಲಿ, ಟ್ರ್ಯಾಕ್ಟರ್ ಹತ್ತುವುದಕ್ಕೂ ಯಾರಾದರೂ ಹತ್ತು ಸಲ ಹೇಳಬೇಕು. ಬಿಸಿಲು ಕಾಲದಲ್ಲೂ ಚಾದರ ಹೊದೆಯುತ್ತಿದ್ದ. ಹಾಡಹಗಲೇ ನಿದ್ದೆ. ಬಾಗಿಲ ಆಚೆಯ ಕೂಗು ನಿಂತಿತು. ಒಂದು ದಿನ ತನ್ನ ಹಾಸಿಗೆಯನ್ನು ತಾನೇ ಸುತ್ತಿಕೊಂಡು ಒಳಕೋಣೆಯಿಂದ ಪಡಸಾಲೆಗೆ ತಂದು ಹಾಸಿದ. “ಒಳಗ ಸೆಕಿ ಭಾಳ,” ಎಂದ, ಚಾದರ ಹೊದ್ದುಕೊಂಡೇ.

ಮದುವೆಯಾಗಿ ಆಗ ಎರಡು ವರ್ಷ. ವೈನಿ ಬಾಯಲ್ಲಿ ನನಗೆ ಸರಿಸಮ. ನಾನು ಅವಳ ಅಪ್ಪನನ್ನು ಆಡಿ ತೋರಿಸಿದರೆ ಅವಳು ನನ್ನನ್ನು ಆಡಿ ತೋರಿಸುತ್ತಿದ್ದಳು, ಅದೂ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. ಅಣ್ಣನ ಹಾಸಿಗೆ ಪಡಸಾಲೆಗೆ ಬಂದ ಮೇಲೆ ಅವಳ ತಮಾಷೆ ಕಡಿಮೆಯಾಯಿತು. ನನಗೆ ಕಂಡಿತು, ಆದರೆ ಕಂಡದ್ದಕ್ಕೆಲ್ಲ ನನ್ನ ಬಳಿ ಇದ್ದ ಔಷಧಿ ಒಂದೇ: ನಕಲು ಮಾಡುವುದು.

ಮುತ್ಯಾನ ಬಳಿ ಬೇರೆ ಔಷಧಿ ಇತ್ತು. ಅವನ ಪ್ರಕಾರ ಈ ಸೀಮೆಯ ಗಂಡಸರಿಗೆ ರೋಗ ಬಂದದ್ದು ಕಾಲುವೆಯಲ್ಲಿ. “ಜ್ವಾಳ ತಿಂದವ ತೋಳ, ಅಕ್ಕಿ ತಿಂದವ ಹಕ್ಕಿ. ನೀರು ಬಂತು, ನೆಲ್ಲು ಬಂತು, ಮೂರೂ ಹೊತ್ತು ಅನ್ನ ಬಂತು. ಗಂಡಸ್ರು ಮೆತ್ತಗಾಗ್ಯಾರ. ನಮ್ಮ ಕಾಲದಾಗ ಒಬ್ಬರಾದ್ರೂ ಹಗಲೊತ್ತು ಮಲಗಿದ್ದು ನೋಡಿದ್ದೇನು ನೀ?”

“ನಿಮ್ಮ ಕಾಲದಾಗ ನಾ ಇರ್ಲಿಲ್ಲ ಮುತ್ಯಾ,” ಎಂದೆ.

“ಇದ್ದಿದ್ರ ನೀನೂ ಗಂಡಸಾಗ್ತಿದ್ದಿ.”

ಅಂದಿನಿಂದ ಅಣ್ಣನ ತಾಟಿಗೆ ಅನ್ನ ಬಂದ್. ಸ್ವಂತ ಗದ್ದೆಯ ಅಕ್ಕಿ ಮಾರಿ, ಬೇರೆಯವರ ಜೋಳ ಕೊಂಡು ತಂದು, ರೊಟ್ಟಿ, ನುಚ್ಚು, ಜೋಳದ ಅಂಬಲಿ. ಅಣ್ಣ ತಿಂದು ಮಲಗಿದ. ಮುತ್ಯಾ ಹದಿನೈದು ದಿನ ಕಾದು, “ಇನ್ನೂ ಅಕ್ಕಿ ಮೈಯಾಗ ಅದ, ಇಳೀಬೇಕು,” ಎಂದ.

ನಾನು ಮಾಡಿದ್ದು ಅದಕ್ಕಿಂತ ಹುಚ್ಚು ಕೆಲಸ. ಗಂಡಸರ ಶಕ್ತಿಗೆ ಔಷಧಿ ಕೊಡುವವನೊಬ್ಬ ತಿಂಗಳಿಗೊಮ್ಮೆ ಲಾಡ್ಜಿನ ರೂಮಿನಲ್ಲಿ ಬಂದು ಕೂರುತ್ತಿದ್ದ. ಅವನ ಜಾಹೀರಾತನ್ನು ಊರೂರು ತಿರುಗಿ ಕೂಗುತ್ತಿದ್ದವನು ನಾನೇ. “ದಣಿವೇ? ನಿರಾಸೆಯೇ? ಒಂದೇ ಭೇಟಿ!” ಎಂದು ಮೂರು ಬಗೆಯ ದನಿಯಲ್ಲಿ ಕೂಗುತ್ತಿದ್ದೆ, ಕೊನೆಯದು ಹುಲಿಯ ದನಿ. ಅವನಿಂದ ಒಂದು ಬಾಟಲಿ ಕೇಳಿ ತಂದು ಅಣ್ಣನ ದಿಂಬಿನ ಪಕ್ಕ ಇಟ್ಟೆ. ಅಣ್ಣ ಬಾಟಲಿ ನೋಡಿದ, ನನ್ನನ್ನು ನೋಡಿದ.

“ಊರಿಗೆಲ್ಲಾ ಒದರಿ ಬಂದೇನು, ನಮ್ಮಣ್ಣಗ ಬೇಕಂತ?”

“ಯಾರಿಗೂ ಹೇಳಿಲ್ಲೋ ಅಣ್ಣ.”

“ನಿನ್ನ ಬಾಯಿ ನನಗ ಗೊತ್ತಿಲ್ಲೇನು?”

ಎದ್ದು ಹೋಗಿ ಬಾಟಲಿಯನ್ನು ಕಾಲುವೆಗೆ ಎಸೆದು ಬಂದ. ಬಿದ್ದ ಮೇಲೆ ಅವನು ಅಷ್ಟು ದೂರ ಬೇಗ ನಡೆದದ್ದು ಅದೇ ಮೊದಲು. ಔಷಧಿ ಕೆಲಸ ಮಾಡಿತು ಎಂದು ನಾನು ಅವ್ವನ ಮುಂದೆ ಹೇಳಿ ಬೈಸಿಕೊಂಡೆ.

ಪಂಚಮಿಗೆಂದು ತವರಿಗೆ ಹೋದ ವೈನಿ ಹಬ್ಬ ಮುಗಿದರೂ ಬರಲಿಲ್ಲ. ಅಣ್ಣ ಕರೆಯಲು ಹೋಗಲಿಲ್ಲ. ಆ ದಿನಗಳಲ್ಲೇ ನಾನು ಹೋಟೆಲಿನ ಬೆಂಚಿನ ಮೇಲೆ ಮಲಗಿದ್ದು. ಎರಡು ದಿನಕ್ಕೆ ಅಪ್ಪನಿಗೆ ವೈನಿಯ ಅಣ್ಣನ ಫೋನು ಬಂತು. ಸುರಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಗಟ್ಟಿ ಆಳು ಅವನು, ಮಾತನ್ನೂ ಸುತ್ತಿಗೆಯಲ್ಲೇ ಹೊಡೆಯುತ್ತಿದ್ದ.

“ನಿಮ್ಮ ಮನಿ ಹುಡುಗನ ಬಸ್ ಸ್ಟ್ಯಾಂಡಿನ್ಯಾಗ ಕುಣದು ಹೇಳ್ಯಾನಲ್ರಿ, ನಮ್ಮ ತಂಗಿ ಕರೆದ್ರ ನಿಮ್ಮ ಮಗ ನಾಳಿ ಅಂತಾನಂತ. ಅಮಾಸಿ ಮುಗಿದ ಸೋಮವಾರ ಹಿರಿಯರನ್ನ ಕರ್ಕೊಂಡು ಬರ್ತೀವಿ. ಬೈಠಕ್ ಆಗ್ಲಿ. ಬಾಳ್ವೆ ಮಾಡೋದಿದ್ರ ಮಾಡ್ಲಿ, ಇಲ್ಲಾಂದ್ರ ಅಕಿನ್ನ ಬಿಟ್ಟುಬಿಡ್ಲಿ. ಸಣ್ಣ ವಯಸ್ಸು ಅದ ಅಕಿದು.”

ಅಪ್ಪ ಫೋನು ಇಟ್ಟು ನನ್ನ ಕಡೆ ನೋಡಿದ. ಬೈಯಲಿಲ್ಲ. ನಾನು ಎದ್ದು ಅಂಗಳಕ್ಕೆ ಹೋದೆ, ಅಂಗಳದಿಂದ ಓಣಿಗೆ, ಓಣಿಯಿಂದ ಕಾಲುವೆ ಏರಿಗೆ. ಏರಿಯ ಮೇಲೆ ಹೋಗಿ ಬಂದು, ಹೋಗಿ ಬಂದು, ಚಪ್ಪಲಿಯ ಉಂಗುಟ ಕಿತ್ತುಬಂತು. ಅಮಾವಾಸ್ಯೆಗೆ ಇನ್ನೂ ಒಂದು ತಿಂಗಳಿತ್ತು. ತಿಂಗಳೊಳಗೆ ಅಣ್ಣ ಎದ್ದು ನಿಲ್ಲದಿದ್ದರೆ ಅವನ ಮನೆ ಮುರಿಯುತ್ತದೆ, ಮುರಿಯಲು ಮೊದಲ ಕಲ್ಲು ಹಾಕಿದವನು ನಾನಾಗುತ್ತೇನೆ. ಆ ತಿಂಗಳು ನನ್ನಿಂದ ಎಲ್ಲಿಯೂ ಕೂರಲಾಗಲಿಲ್ಲ. ಮೈಕ್ ಹಿಡಿದು ಸೀರೆಯ ಬದಲು ಗೊಬ್ಬರ, ಗೊಬ್ಬರದ ಬದಲು ಸೀರೆ ಕೂಗಿದೆ.

ದಾರಿ ತೋರಿಸಿದವರು ಹಜಾಮ ಚಾಚಾ. ಶಹಾಪುರದಲ್ಲಿ ನಮ್ಮ ಮನೆಯ ಗಂಡಸರ ಗಡ್ಡ ತಲೆ ಎಲ್ಲ ಅವರದೇ ಕೈ. ನನ್ನ ಕೆನ್ನೆಗೆ ಸಾಬೂನು ಹಚ್ಚುತ್ತ, “ಕ್ಯಾ ರೇ, ತೇರಾ ಭಾಯಿ ಬ್ಯಾರೆ ಅಂಗಡಿ ಹಿಡದಾನೇನು?” ಎಂದರು.

“ಇಲ್ಲ ಚಾಚಾ, ಅಂವ ಎಲ್ಲಿಗೂ ಹೋಗಂಗಿಲ್ಲ.”

“ಮತ್ತ ಗಡ್ಡ? ಹೋದ ತಿಂಗಳು ಬಂದಿದ್ದ. ಬ್ಲೇಡಿಗೆ ಕೆಲಸಾನ ಇಲ್ಲ. ಅದಕ್ಕಿಂತ ಮುಂಚೆ ಬಂದಾಗನೂ ಹಂಗ. ಹಫ್ತೇಕೂ ದೋ ಬಾರ್, ವಾರಕ್ಕ ಎರಡು ಸಲ ಬರೋ ಆದ್ಮಿ. ಬೆಳೀವಲ್ದು, ಬೇಟಾ. ಮೂವತ್ತು ವರ್ಷ ಗಡ್ಡ ತೆಗದೀನಿ, ಹಿಂಗ ನಿಂತಿದ್ದು ಚೊಲೋ ಅಲ್ಲ.”

ಅವರ ಹೆಂಡತಿಗೆ ಥೈರಾಯ್ಡ್. ಯಾದಗಿರಿಯಲ್ಲಿ ಬುಧವಾರಕ್ಕೊಮ್ಮೆ ಬಂದು ಕೂರುವ ಶುಗರ್ ಡಾಕ್ಟರರ ಬಳಿ ತೋರಿಸುತ್ತಿದ್ದರು. “ಅಕಿ ಬರೇ ಶುಗರ್ ಅಲ್ಲ, ಮೈಯಾಗಿನ ಎಲ್ಲಾ ರಸಾ ನೋಡ್ತಾಳ. ನಮ್ಮ ಮನ್ಯಾಕಿ ತಿಂಗಳಾನುಗಟ್ಟಲೆ ಸುಸ್ತು, ಸುಸ್ತು ಅಂತಿದ್ಲು, ಅಕೀನ ಹಿಡಿದ್ಲು. ಕರ್ಕೊಂಡು ಹೋಗು.”

ಅಣ್ಣನನ್ನು ಹೊರಡಿಸಿದ್ದು ಹೇಗೆಂದು ಹೇಳಿದರೆ ನೀವು ನಂಬುವುದಿಲ್ಲ. ನಾನೇನೂ ಆಡಿ ತೋರಿಸಲಿಲ್ಲ. “ಅಣ್ಣ, ನನಗ ಕೂಡ್ಲಿಕ್ಕೆ ಆಗವಲ್ದು. ಯಾದಗಿರಿಗೆ ಬಾ,” ಎಂದೆ ಅಷ್ಟೇ. ಅವನು ಚಾದರದ ಒಳಗಿಂದ ಬಹಳ ಹೊತ್ತು ನೋಡಿ, ಅಂಗಿ ಹಾಕಿಕೊಂಡ.

ಭೀಮಾ ನದಿಯ ಸೇತುವೆ ದಾಟುವಾಗಲೂ ಅವನು ನಿದ್ದೆಯಲ್ಲಿದ್ದ. ಡಾಕ್ಟರು ಹೆಂಗಸೆಂದು ನಾನು ಅವನಿಗೆ ಹೇಳಿರಲಿಲ್ಲ. ಪರದೆ ಸರಿಸಿ ಒಳಗೆ ಹೋದವನು ಅರ್ಧಕ್ಕೇ ತಿರುಗಿ ನನ್ನ ಕಾಲು ತುಳಿದ. ನಾನು ಹಿಂದಿನಿಂದ ತಳ್ಳಿ ಕೂರಿಸಿದೆ.

“ಏನಾಗ್ತದ್ರಿ?” ಎಂದರು ಮೇಡಂ. ಐವತ್ತರ ಆಸುಪಾಸು, ಕನ್ನಡಕ, ಕಲಬುರಗಿ ಮಾತು.

“ಏನಿಲ್ರಿ. ಸ್ವಲ್ಪ ಸುಸ್ತು.”

“ಎಷ್ಟು ದಿನದಿಂದ?”

“ಹಿಂಗ... ಸ್ವಲ್ಪ ದಿನದಿಂದ.”

“ಮೊದಲು ಹ್ಯಾಂಗಿದ್ರಿ?”

“ಹಿಂಗ ಇದ್ದೆನ್ರಿ.”

ನನ್ನಿಂದ ತಡೆಯಲಾಗಲಿಲ್ಲ. “ಹಿಂಗ ಇರ್ಲಿಲ್ರಿ ಮೇಡಂ,” ಎಂದು ಎದ್ದೆ. ಆ ಪುಟ್ಟ ಕೋಣೆಯಲ್ಲಿ ಜಾಗವಿದ್ದಷ್ಟರಲ್ಲೇ ಮೊದಲಿನ ಅಣ್ಣನಾಗಿ ನಡೆದೆ. ಎದೆ ಮುಂದೆ, ಹೆಜ್ಜೆ ಅಗಲ, ಬಾಗಿಲ ಆಚೆಯಿಂದ “ಏ, ಯಾರದೀರಿ ಒಳಗ?” ಹೊರಗೆ ಕಾಯುತ್ತಿದ್ದ ರೋಗಿಗಳು ಬೆಚ್ಚಿರಬೇಕು. ಆಮೇಲೆ ಈಗಿನವನಾದೆ. ಭುಜ ಇಳಿಬಿಟ್ಟು, ಕುರ್ಚಿ ಹುಡುಕಿ, ತೋಳು ಮೈಗೆ ಒತ್ತಿಕೊಂಡು, ಕೆನ್ನೆ ಸವರಿ, “ಹ್ಞೂಂ... ನಾಳಿ.” ಹೋಟೆಲಿನಲ್ಲಿ ಮಾಡಿದ್ದೇ ಅದು. ಅಲ್ಲಿ ನಕ್ಕಿದ್ದರು. ಇಲ್ಲಿ ಮೇಡಂ ಪೆನ್ನು ಕೆಳಗಿಟ್ಟು ನೋಡಿದರು. ಅಣ್ಣ ನನ್ನನ್ನೇ ನೋಡಿ, ಆಮೇಲೆ ನೆಲ ನೋಡಿದ. ತನ್ನನ್ನು ಹೊರಗಿನಿಂದ ಅವನು ಅದೇ ಮೊದಲು ನೋಡಿದ್ದಿರಬೇಕು.

“ಈ ಎರಡರ ನಡಕ ಏನಾತು?” ಎಂದು ಕೇಳಿದರು.

“ಬಿದ್ದಾನ್ರಿ,” ಎಂದೆ. “ಹೆಗಲು ಮುರಿದಿತ್ತು. ಆದ್ರ ಅದು ಕೂಡ್ಯಾದ್ರಿ.”

“ತಲಿಗೆ ಬಡದಿತ್ತೇನು? ಎಚ್ಚರ ತಪ್ಪಿತ್ತೇನು?”

“ಹೌದ್ರಿ, ಒಂದು ತಾಸು,” ಎಂದೆ. ಮೊದಲ ದಿನದ ಡಾಕ್ಟರನ್ನು ಬಿಟ್ಟರೆ ಒಂಬತ್ತು ತಿಂಗಳಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಯಾರೂ ಇರಲಿಲ್ಲ. ಸ್ಕ್ಯಾನಿನ ಚೀಟಿ ಇನ್ನೂ ಮುತ್ಯಾನ ಟೋಪಿಯಲ್ಲೇ ಇತ್ತೋ, ಎಲೆಯಡಿಕೆ ಸುತ್ತಿ ಹೋಯಿತೋ.

ಮೇಡಂ ನನ್ನನ್ನು ಹೊರಗೆ ಕಳಿಸಿ ಅಣ್ಣನಿಂದ ಉಳಿದದ್ದನ್ನು ಕೇಳಿಕೊಂಡರು. ಮತ್ತೆ ಕರೆದಾಗ ಅಣ್ಣನ ಕಿವಿ ಕೆಂಪಗಿತ್ತು. ಅವರು ನಿಧಾನವಾಗಿ ಹೇಳಿದರು. ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಗಂಡಸಿನ ಹಾರ್ಮೋನು, ಟೆಸ್ಟೋಸ್ಟಿರಾನು, ಎಷ್ಟು ತಯಾರಾಗಬೇಕೆಂದು ಹುಕುಂ ಅಲ್ಲಿಂದ ಹೋಗುತ್ತದೆ. ತಲೆಗೆ ಬಲವಾದ ಪೆಟ್ಟು ಬಿದ್ದ ಕೆಲವರಲ್ಲಿ ಆ ಹುಕುಂ ಕಡಿಮೆಯಾಗಬಹುದು. ಎಲ್ಲರಿಗೂ ಆಗುವುದಿಲ್ಲ, ಆದವರಲ್ಲೂ ಕೆಲವರಿಗೆ ತಾನಾಗಿ ಸರಿಹೋಗುತ್ತದೆ. “ಇದಾ ಕಾರಣ ಅಂತ ನಾ ಇವತ್ತು ಹೇಳಂಗಿಲ್ಲ. ರಕ್ತ ನೋಡೋಣ. ಥೈರಾಯ್ಡ್ ನೋಡೋಣ, ಉಳಿದವೂ ನೋಡೋಣ, ತಲಿ ಸ್ಕ್ಯಾನೂ ಮಾಡಿಸ್ರಿ. ರಕ್ತ ಮಾತ್ರ ಮುಂಜಾನಿ ಎಂಟರಿಂದ ಹತ್ತರೊಳಗ, ಬರೇ ಹೊಟ್ಟಿ. ಸಂಜಿಗೆ ಕೊಟ್ರ ಲೆಕ್ಕ ತಪ್ತದ.”

ಬಸ್ಸಿನಲ್ಲಿ ಅಣ್ಣ ಮಲಗಲಿಲ್ಲ. ಬಹಳ ದೂರ ಬಂದ ಮೇಲೆ, “ಮ್ಯಾಲಿನ ಗೇಟ್ ತೆರದಿಲ್ಲಂದ್ರ ನಮ್ಮ ಹೊಲದ ತೂಬು ಎಷ್ಟು ಕೆದರಿದ್ರ ಏನು,” ಎಂದ. ಅಷ್ಟೇ. ಕಾಲುವೆಯ ಕೊನೆಯಲ್ಲಿ ಹೊಲ ಇರುವವನಿಗೆ ಅದಕ್ಕಿಂತ ಚೆನ್ನಾಗಿ ಹೇಳಬೇಕಾಗಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೋಗಿ ರಕ್ತ ಕೊಟ್ಟೆವು. ಅವ್ವ ಬರಿಹೊಟ್ಟೆಯ ಮಾತು ಕೇಳಿಸಿಕೊಂಡೂ ಚೀಲದಲ್ಲಿ ರೊಟ್ಟಿ ಕಟ್ಟಿದ್ದಳು. ಅದನ್ನು ನಾನು ತಿಂದೆ. ಮುಂದಿನ ಬುಧವಾರ ಮೇಡಂ ಕಾಗದ ನೋಡಿ, “ಕಡಿಮಿ ಅದ. ಇನ್ನೊಮ್ಮೆ ಕೊಡ್ರಿ, ಒಂದಾ ಸಲಕ್ಕ ನಂಬಂಗಿಲ್ಲ,” ಎಂದರು. ಮತ್ತೊಂದು ಮುಂಜಾನೆ, ಮತ್ತೊಂದು ಬುಧವಾರ. ನಡುವೆ ಕಲಬುರಗಿಗೆ ಹೋಗಿ ಸ್ಕ್ಯಾನೂ ಆಯಿತು. ಅದರಲ್ಲಿ ಭಯಪಡುವಂಥದ್ದೇನೂ ಇರಲಿಲ್ಲ. ಎರಡನೆಯ ಕಾಗದವೂ ಮೊದಲಿನದೇ ಮಾತು ಹೇಳಿತು. ತಲೆಯ ಪೆಟ್ಟಿನಿಂದಲೇ ಆಗಿರುವ ಸಾಧ್ಯತೆ ಹೆಚ್ಚು, ಬೇರೆ ಕಾರಣ ಕಾಣುತ್ತಿಲ್ಲ ಎಂದರು ಮೇಡಂ. ಬೈಠಕ್ಕಿಗೆ ಹನ್ನೆರಡು ದಿನ ಉಳಿದಿತ್ತು. ಈಗಲೇ ಸೂಜಿ ಚುಚ್ಚಿ, ಸೋಮವಾರದೊಳಗೆ ಅಣ್ಣನನ್ನು ಚೀಲ ಹೊರುವಂತೆ ಮಾಡಿ ಎಂದು ನಾನು ಕೈಮುಗಿಯುವುದೊಂದು ಬಾಕಿ.

“ಮಕ್ಕಳದಾವೇನು?” ಎಂದು ಮೇಡಂ ಅಣ್ಣನನ್ನು ಕೇಳಿದರು.

“ಇಲ್ರಿ.”

“ಬೇಕೇನು?”

ಅಣ್ಣ ಅಂಗಿಯ ಗುಂಡಿ ತಿರುವತೊಡಗಿದ.

“ನೋಡ್ರಿ, ಎರಡು ದಾರಿ ಅದಾವ. ಹಾರ್ಮೋನನ್ನಾ ಸೂಜಿಯಾಗ ಕೊಟ್ರ ಸುಸ್ತು ಕಡಿಮಿ ಆಗ್ಬೌದು, ಆದ್ರ ಅದನ್ನ ತಗೊಳ್ಳೋತನ ಮಕ್ಕಳಾಗೋ ಶಕ್ತಿ ಕುಂದ್ತದ. ಮಕ್ಕಳು ಬೇಕಂದ್ರ ಬ್ಯಾರೆ ಸೂಜಿ, ವಾರಕ್ಕ ಎರಡು ಮೂರು ಸಲ, ಭಾಳ ತಿಂಗಳು, ತಾಳ್ಮಿ ಬೇಕು. ಯಾವ ದಾರಿ ಅನ್ನೋದು ನೀವೊಬ್ರ ಹೇಳೋ ಮಾತಲ್ಲ. ಮನಿಯವ್ರನ್ನ ಕರ್ಕೊಂಡು ಬರ್ರಿ. ಅವರ ಮುಂದ ಮಾತಾಡಿ ಶುರು ಮಾಡೋಣ.”

ಹೊರಗೆ ಬಂದು ಅಣ್ಣ ಬೇವಿನ ಗಿಡದ ಕೆಳಗೆ ಕೂತುಬಿಟ್ಟ. “ಅಕಿ ಮುಂದ ಹ್ಯಾಂಗ ಹೇಳ್ಲಿಲೇ? ಬಿಟ್ಟು ಹೋಗ್ಲಿ, ಅದಾ ಚೊಲೋ. ಇದನ್ನ ಹೇಳೋದಕ್ಕಿಂತ ಚೊಲೋ.”

“ಅಕಿ ಏನಂತ ತಿಳಕೊಂಡಾಳ ಗೊತ್ತದೇನು ನಿನಗ?”

“ಏನಂತ?”

ನನಗೂ ಗೊತ್ತಿರಲಿಲ್ಲ. ಸುಮ್ಮನೆ ಕೇಳಿದ್ದೆ. ಅಣ್ಣ ಕಲ್ಲು ಆರಿಸಿ ಆರಿಸಿ ಬೇವಿನ ಬೇರಿಗೆ ಹೊಡೆಯುತ್ತಿದ್ದ. ಕೊನೆಗೆ, “ಹೋಗಿ ಕರಿ. ಹೇಳೋದು ನಾನ ಹೇಳ್ತೀನಿ. ನೀ ಒಂದು ಅಕ್ಷರ ಬಾಯಿ ಬಿಟ್ರೂ ನಿನ್ನ ಮಾರಿ ನೋಡಂಗಿಲ್ಲ,” ಎಂದ.

ಹೀಗೆ ನಾನು ಸುರಪುರಕ್ಕೆ ಹೋದೆ, ಹೊಟ್ಟೆಯಲ್ಲಿ ಇಡೀ ಸುದ್ದಿ, ಬಾಯಿಗೆ ಬೀಗ. ಬಸ್ಸು ಅದೇ ಬಸ್ಸು, ಕಂಡಕ್ಟರ್ ಅದೇ ಕಂಡಕ್ಟರ್. “ಏನಪ್ಪಾ ಕಲಾವಿದ, ಗುಡ್ಡ ಎದ್ದದೇನು?” ಎಂದ. ನಾನು ಹಿಂದಿನ ಸೀಟಿಗೆ ಹೋಗಿ ಕಿಟಕಿ ನೋಡಿದೆ.

ವೈನಿಯ ಅಣ್ಣ ಅಂಗಳದಲ್ಲೇ ತಡೆದ. “ಏನ್ ತಂದಿ? ಹೊಸಾ ನಕಲಾ?” ವೈನಿ ಒಳಗಿಂದ ಬಂದು, “ಬಿಡಣ್ಣ, ಮಂಗ್ಯಾನ ಜೋಡಿ ಏನು ಮಾತು,” ಎಂದು ನನಗೆ ನೀರು ಕೊಟ್ಟಳು. ಸೊರಗಿದ್ದಳು. ನಾನು ಲೋಟ ಕೈಯಲ್ಲಿ ತಿರುಗಿಸುತ್ತ, “ವೈನಿ, ಬರೋ ಬುಧವಾರ ಯಾದಗಿರಿಗೆ ಬರ್ಬೇಕು. ದವಾಖಾನಿಗೆ. ಅಣ್ಣ ಕರದಾನ,” ಎಂದೆ.

“ನನಗೇನು ರೋಗ ಆಗ್ಯಾದ?”

“ನಿನಗಲ್ಲ.”

“ಮತ್ತ ಯಾರಿಗೆ? ಅವರಿಗೆ ಬಾಯಿಲ್ಲೇನು, ಬಂದು ಹೇಳ್ಲಿಕ್ಕೆ?” ಸ್ವಲ್ಪ ತಡೆದು, ದನಿ ತಗ್ಗಿಸಿ, “ಖರೇ ಹೇಳು. ಬ್ಯಾರೆ ಯಾರರ ಅದಾಳೇನು?”

“ಇಲ್ಲ ವೈನಿ. ಅವ್ವನಾಣಿ ಇಲ್ಲ.”

“ಮತ್ತ?”

ನಾನು ನೀರು ಕುಡಿದೆ. ಮತ್ತೆ ಬಾಯಿಗೆ ಇಟ್ಟಾಗ ಲೋಟ ಖಾಲಿ ಇತ್ತು. ಅವಳು ನನ್ನ ಮುಖವನ್ನೇ ನೋಡುತ್ತ, “ನೀ ಸುಮ್ಮ ಕುಂತಿದ್ದು ನೋಡಿ ನನಗ ಅಂಜಿಕಿ ಬರಾಕತ್ತದ,” ಎಂದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ.

ಬುಧವಾರ ನಾವು ಬೆಳಿಗ್ಗೆಯಿಂದ ದವಾಖಾನೆಯ ಮೆಟ್ಟಿಲ ಮೇಲೆ. ಸುರಪುರದ ಒಂದು ಬಸ್ಸು ಬಂತು, ಇನ್ನೊಂದು ಬಂತು. ನಾನು ಗೇಟಿಗೂ ಮೆಟ್ಟಿಲಿಗೂ ನಡೆದದ್ದನ್ನು ಕೂಡಿಸಿದರೆ ಶಹಾಪುರದಾಚೆಯ ವನದುರ್ಗ ಮುಟ್ಟುತ್ತಿದ್ದೆ. ನಮ್ಮ ಸರದಿ ಬಂತು, ಹಿಂದಿನವರಿಗೆ ಬಿಟ್ಟುಕೊಟ್ಟೆವು. ಮತ್ತೆ ಬಂತು, ಮತ್ತೆ ಬಿಟ್ಟುಕೊಟ್ಟೆವು. ಹನ್ನೆರಡು ಹೊಡೆದಾಗ ವೈನಿ ಒಬ್ಬಳೇ ಗೇಟು ದಾಟಿ ಬಂದಳು. ಅಣ್ಣ ಎದ್ದು ನಿಂತ. ಕಾಂಪೌಂಡರ್ ಹೆಸರು ಕೂಗಿದ, ಒಳಗೆ ಹೋದರು. ನಾನೂ ನುಗ್ಗುತ್ತಿದ್ದೆ, ಮೇಡಂ ಪರದೆ ಎಳೆದರು.

ಪರದೆ ದಪ್ಪವಿರಲಿಲ್ಲ. ನಾನೂ ದೂರ ಹೋಗಲಿಲ್ಲ. ಮೇಡಂ ಹೇಳಿದ್ದೆಲ್ಲ ನಾನು ಕೇಳಿದ್ದೇ. ಅಣ್ಣ ನಡುನಡುವೆ “ಹೌದ್ರಿ” ಎನ್ನುತ್ತಿದ್ದ. ಆಮೇಲೆ ವೈನಿಯ ದನಿ, ಬಹಳ ಸಣ್ಣಗೆ:

“ಹಂಗಾದ್ರ... ನಾ ಬ್ಯಾಡಾಗಿದ್ದಕ್ಕ ಅಲ್ಲೇನ್ರಿ?”

“ಅಲ್ಲವ್ವ,” ಎಂದರು ಮೇಡಂ. “ಇದು ನಿನ್ನಿಂದ ಆಗಿದ್ದಲ್ಲ. ಅವರ ಮನಸಿನಿಂದನೂ ಆಗಿದ್ದಲ್ಲ.”

ನಾನು ಅಷ್ಟು ಜನರ ದನಿ ಕದ್ದವನು. ಆ ಪ್ರಶ್ನೆಯನ್ನು ಅವಳು ಕೇಳಿದ ದನಿಯನ್ನು ಇವತ್ತಿಗೂ ಯಾರ ಮುಂದೆಯೂ ತೆಗೆದಿಲ್ಲ.

ಹೊರಗೆ ಬಂದಾಗ ಅವಳ ಕೈಯಲ್ಲಿ ಚೀಟಿ ಇತ್ತು, ಮಕ್ಕಳಾಗುವ ದಾರಿಯ ಚೀಟಿ. ಅಣ್ಣನ ಕೈಯಲ್ಲಿ ಏನೂ ಇರಲಿಲ್ಲ, ಆದರೂ ಎರಡೂ ಕೈ ಎಲ್ಲಿ ಇಡಬೇಕೆಂದು ತಿಳಿಯದವನಂತೆ ನಡೆಯುತ್ತಿದ್ದ. ಬಸ್ಸಿನಲ್ಲಿ ವೈನಿ ಕಿಟಕಿ ಬದಿಗೆ, ಅಣ್ಣ ಪಕ್ಕಕ್ಕೆ, ನಾನು ಹಿಂದೆ. ನಮ್ಮದು ಶಹಾಪುರದಲ್ಲಿ ಇಳಿಯುವುದು, ಅವಳದು ಅದೇ ಬಸ್ಸಿನಲ್ಲಿ ಮುಂದೆ ಸುರಪುರ. ಕಂಡಕ್ಟರ್ ಬಂದ. ನಾನು ಬಾಯಿ ತೆರೆಯುವ ಮೊದಲು ಅವಳೇ ಹೇಳಿದಳು: “ಮೂರು ಸುರಪುರ.”

ಅಣ್ಣ ತಿರುಗಿ ನೋಡಿದ.

“ನಮ್ಮಪ್ಪನ ಮುಂದ ನೀವಾ ಹೇಳ್ರಿ,” ಎಂದಳು. “ಎರಡು ತಿಂಗಳಿಂದ ಓಣಿ ಮಂದಿ ನನ್ನಾ ನೋಡಾಕತ್ತಾರ, ಇಕಿಯಾಗ ಏನು ಕೊರತಿ ಅದ ಅಂತ. ನಾ ಸುಮ್ಮ ಕುಂತೀನಿ. ಈಗ ನೀವು ಹೇಳ್ರಿ.” ಆಮೇಲೆ ಹಿಂದೆ ತಿರುಗಿ ನನಗೆ, “ನೀ ಬಾಯಿ ತೆರೆದ್ರ ನೋಡು, ನಡುದಾರ್ಯಾಗ ಹಾಲಭಾವಿ ಹತ್ರ ಇಳಿಸಿಬಿಡ್ತೀನಿ.”

ಅವರ ಮನೆಯಲ್ಲಿ ಆ ಮಧ್ಯಾಹ್ನ ಜಮಖಾನೆ ಹಾಸಿ ಕೂರಿಸಿದರು. ಅವಳ ಅಪ್ಪ ಗೋಡೆಗೆ ಒರಗಿ, ಅವಳ ಅಣ್ಣ ವೆಲ್ಡಿಂಗ್ ಬಿಟ್ಟು ಬಂದು ಬಾಗಿಲ ಚೌಕಟ್ಟು ಹಿಡಿದು, ಅವಳ ಅವ್ವ ಅಡುಗೆ ಮನೆಯ ಹೊಸ್ತಿಲಲ್ಲಿ. ನಮ್ಮಣ್ಣ ಹೇಳಲು ಎಷ್ಟು ಹೊತ್ತು ತೆಗೆದುಕೊಂಡನೆಂದರೆ, ನಾನು ನನ್ನ ತೊಡೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿಯಬೇಕಾಯಿತು. ಅವನ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕೊಟ್ಟರೆ ಒಂದು ನಿಮಿಷದ ಕೆಲಸ. ಕೊಡಲಿಲ್ಲ.

“ಮಾವಾರ,” ಎಂದ ಅಣ್ಣ. “ನಿಮ್ಮ ಮಗಳದೇನೂ ತಪ್ಪಿಲ್ರಿ. ನಾ ಬಿದ್ದಾಗ ತಲಿಗೆ ಪೆಟ್ಟಾಗ್ಯಾದ. ಅದರಿಂದ ಗಂಡಸಿಗೆ ಮೈಯಾಗ ಇರಬೇಕಾದ್ದು ನನಗ ಕಡಿಮಿ ಆಗ್ಯಾದಂತ. ಅದಕ್ಕ... ಅಕಿಗೆ ನಾ ದೂರಾದೆ. ನನಗಾ ಗೊತ್ತಿರ್ಲಿಲ್ಲ. ಸೂಜಿ ಶುರು ಮಾಡ್ತಾರ. ಪೂರಾ ಆರಾಮಾಗ್ತದಂತ ಖಾತ್ರಿ ಕೊಟ್ಟಿಲ್ಲ. ಸುಳ್ಳು ಹೇಳಂಗಿಲ್ಲ ನಾ.”

ಹೊಸ್ತಿಲಲ್ಲಿ ಬಳೆ ಸದ್ದಾಯಿತು. ಮಾವ ಗಡ್ಡ ಕೆರೆದುಕೊಂಡರು, ತಾವು ಕೆರೆದುಕೊಳ್ಳುತ್ತಿದ್ದೇವೆಂದು ಗೊತ್ತಾಗಿ ಕೈ ಇಳಿಸಿದರು. ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ವೆಲ್ಡಿಂಗ್ ಅಣ್ಣ. “ತಲಿಗೆ ಬಡಿದವರಿಗೆಲ್ಲಾ ಹಿಂಗ ಆಗ್ತದೇನ್ರಿ?” ಅವನು ಬೈಕಿನಿಂದ ಎರಡು ಸಲ ಬಿದ್ದವನು.

“ಎಲ್ಲರಿಗೂ ಇಲ್ಲಂತ,” ಎಂದ ಅಣ್ಣ.

“ಹಾಂ,” ಎಂದು ಅವನು ಚೌಕಟ್ಟು ಬಿಟ್ಟು ಒಳಗೆ ಬಂದು ಕೂತ. ಸುತ್ತಿಗೆ ದನಿ ಸಣ್ಣದಾಗಿತ್ತು. “ಸೋಮವಾರ ಹಿರಿಯರಿಗೆ ಬರಬ್ಯಾಡ್ರಿ ಅಂತ ಹೇಳ್ತೀನಿ. ನಾಳಿ ತಂಗಿನ್ನ ನಾನಾ ಬಿಟ್ಟು ಬರ್ತೀನಿ.”

“ನೀ ಯಾಕ ಬಿಡ್ತಿ?” ಎಂದಳು ವೈನಿ. “ನನಗ ದಾರಿ ಗೊತ್ತದ. ವಾರಕ್ಕ ಎರಡು ಸಲ ಸೂಜಿ ಅದ, ನಾನಾ ಕರ್ಕೊಂಡು ಹೋಗೋದು. ಅವ್ವ, ಇವರಿಗೆ ಉಣ್ಣಾಕ ಏನರ ಕೊಡು, ಮುಂಜಾನಿಂದ ಏನೂ ತಿಂದಿಲ್ಲ.”

ಹಾಗೆ ಹೇಳಿದವಳು ಒಳಗೆ ಹೋಗಲಿಲ್ಲ. ಅಪ್ಪ ಅಣ್ಣಂದಿರ ಮುಂದೆ ಗಂಡನ ಪಕ್ಕ ಕೂರುವುದೇ ನಮ್ಮಲ್ಲಿ ಹೆಚ್ಚು. ಅವಳು ಅವನ ಹಿಂದೆ ಮಂಡಿಯೂರಿ ಕೂತು, ಎರಡೂ ಕೈಯಿಂದ ಅವನ ತಲೆಗೂದಲು ಬಿಡಿಸತೊಡಗಿದಳು. ಮಾವ ಎದ್ದು ಕಿಟಕಿಯ ಕಡೆ ಹೋದರು. ನಾನು ಮೇಲಿನ ತೊಲೆಗಳನ್ನು ಎಣಿಸಿದೆ.

“ಎಲ್ಲಿ ಬಡದದ, ತೋರಿಸ್ರಿ.”

“ಗಾಯ ಇಲ್ಲ. ಕಾಣಂಗಿಲ್ಲ ಅದು.”

“ಆದ್ರೂ ಎಲ್ಲಿ? ಇಲ್ಲೇನು?”

“ಅಲ್ಲಲ್ಲ,” ಎಂದ ಅಣ್ಣ, ತಲೆ ತಗ್ಗಿಸಿ. “ಸ್ವಲ್ಪ ಹಿಂದ. ಇನ್ನೂ ಸ್ವಲ್ಪ ಹಿಂದ.”